ಸಾಲ, ಸಂಘ, ಕಣಜ: ಕಂಬಂ ಕಣಿವೆಯ ಋಣಚರಿತ್ರೆಯ ಒಂದು ಅವಲೋಕನ

ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅರಸರ ವಂಶಾವಳಿ, ಯುದ್ಧಗಳ ತಾರೀಖು, ಕೋಟೆಕೊತ್ತಲಗಳ ವರ್ಣನೆ. ದಿಂಡಿಗಲ್ಲಿನ ಬಂಡೆಯ ಮೇಲಿರುವ ಕೋಟೆಯನ್ನು ಕುರಿತು ಬರೆದವರು ಅನೇಕರು. ಹೈದರಾಲಿಯು ಮೈಸೂರಿನ ಪರವಾಗಿ ಅಲ್ಲಿ ಫೌಜುದಾರನಾಗಿದ್ದ ಸಂಗತಿ ಶಾಲೆಯ ಮಕ್ಕಳಿಗೂ ತಿಳಿದಿದೆ. ಆದರೆ ಆ ಕೋಟೆಯ ನೆರಳಿನಲ್ಲಿ ಉತ್ತು ಬಿತ್ತಿ ಬಾಳಿದವರು ಬೀಜಕ್ಕೆ ಯಾರಲ್ಲಿ ಕಡ ತಂದರು, ಮಗಳ ಮದುವೆಗೆ ಯಾವ ಹೊಲವನ್ನು ಒತ್ತೆಯಿಟ್ಟರು, ಇಟ್ಟುದನ್ನು ಬಿಡಿಸಿಕೊಂಡರೇ ಇಲ್ಲವೇ ಎಂಬ ಚರಿತ್ರೆಯನ್ನು ಬರೆದವರು ವಿರಳ. ಅರಸರು ಬಂದು ಹೋದರು. ಬಡ್ಡಿ ಮಾತ್ರ ಹೋಗಲಿಲ್ಲ. ಆದುದರಿಂದ ಈ ಲೇಖನದಲ್ಲಿ ನಾವು ನಮ್ಮ ಸೀಮೆಯ ಋಣದ ಚರಿತ್ರೆಯನ್ನೂ, ಅದನ್ನು ಕಳೆಯಲು ದೊಡ್ಡ ಬ್ಯಾಂಕುಗಳೂ ಜನರ ಸಂಘಸಂಸ್ಥೆಗಳೂ ಕೂಡಿ ನಡೆಸಿದ ಪ್ರಯತ್ನವನ್ನೂ ಸಂಕ್ಷೇಪವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಮೊದಲು ನಮ್ಮ ನೆಲದ ಮಾತು. ಪಶ್ಚಿಮಕ್ಕೆ ಏಲಕ್ಕಿಬೆಟ್ಟಗಳು, ಪೂರ್ವಕ್ಕೆ ವರುಷನಾಡಿನ ಬೆಟ್ಟಗಳು, ನಡುವೆ ಗೂಡಲೂರು, ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರುಗಳ ಹಸುರು ಬಯಲು; ಇದೇ ಕಂಬಂ ಕಣಿವೆ. ಪಡುವಲಿಗೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರಿನ ನೀರನ್ನು ಅಣೆಕಟ್ಟಿನಿಂದ ತಡೆದು, ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಮೂಡಲಿಗೆ ತಿರುಗಿಸಿದ ಮಹತ್ಕಾರ್ಯವು ಇಂಜಿನಿಯರ್ ಪೆನ್ನಿಕ್ವಿಕ್ಕರ ನೇತೃತ್ವದಲ್ಲಿ ೧೮೯೫ರಲ್ಲಿ ಪೂರೈಸಿತು. ಆ ನೀರಿನಿಂದ ಕಣಿವೆಯಲ್ಲಿ ಎರಡು ಬೆಳೆ ಸಾಧ್ಯವಾಯಿತು. ಭತ್ತ, ತೆಂಗು, ಬಾಳೆಗಳು ನೆಲೆಗೊಂಡವು. ಮುಂದೆ ದ್ರಾಕ್ಷಿಯೂ ಬಂದು ಕಂಬದ ಹೆಸರನ್ನು ದೂರದವರೆಗೆ ಹಬ್ಬಿಸಿತು. ಇಂದಿಗೂ ಇಲ್ಲಿಯ ಜನ ಪೆನ್ನಿಕ್ವಿಕ್ಕರ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ಅದು ಯೋಗ್ಯವೇ ಆಗಿದೆ.

ಆದರೆ ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನೀರು ಬಂದ ಹೊಲಕ್ಕೆ ಖರ್ಚೂ ಹೆಚ್ಚು. ಒಂದು ಬೆಳೆಗೆ ಬದಲು ಎರಡು ಬೆಳೆಯಾದಾಗ ಎತ್ತು, ಗೊಬ್ಬರ, ಕೂಲಿ ಎಲ್ಲವೂ ಎರಡರಷ್ಟು ಬೇಕು. ಬೆಳೆ ಕೈಗೆ ಬರುವ ಮೊದಲೇ ಹಣ ಬೇಕು. ಕೈಯಲ್ಲಿ ಹಣವಿದ್ದವನಿಗೆ ನೀರು ಐಶ್ವರ್ಯವನ್ನು ತಂದಿತು; ಇಲ್ಲದವನು ಆ ನೀರಿಗಾಗಿಯೇ ಸಾಲಗಾರನಾದನು. ಹೊಲವಿಲ್ಲದವನಿಗಂತೂ ದೊರೆತುದು ಕೂಲಿ ಮಾತ್ರ. ಕಾಲುವೆ ಊರಿನವರೆಗೆ ಬಂದರೂ ಮನೆಯ ಹೊಸಿಲು ದಾಟಲಿಲ್ಲವೆಂದರೆ ತಪ್ಪಾಗದು.

ಕಣಿವೆಗೆ ನೀರು ಬಂದ ಅದೇ ೧೮೯೫ನೆಯ ಇಸವಿಯಲ್ಲಿ ಮದರಾಸಿನಲ್ಲಿ ಇನ್ನೊಂದು ಕಾರ್ಯವೂ ನಡೆಯಿತು. ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನರು ಯೂರೋಪಿನ ರೈತಬ್ಯಾಂಕುಗಳನ್ನು ಅಭ್ಯಸಿಸಿ ತಮ್ಮ ವರದಿಯ ಮೊದಲ ಸಂಪುಟವನ್ನು ಒಪ್ಪಿಸಿದರು. ಎರಡನೆಯದು ೧೮೯೭ರಲ್ಲಿ ಬಂದಿತು. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ಬೆಳೆಸಿದ ಗ್ರಾಮಸಂಘಗಳೇ ಹಿಂದೂಸ್ಥಾನದ ರೈತನಿಗೂ ತಕ್ಕವೆಂಬುದು ನಿಕಲ್ಸನ್ನರ ಅಭಿಪ್ರಾಯ. ಅವುಗಳ ತಿರುಳು ಬಲು ಸರಳ. ಸಂಘವು ಒಂದು ಊರಿಗೆ ಮಾತ್ರ ಸೀಮಿತವಾಗಿರಬೇಕು. ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆಯಾಗಬೇಕು. ಅಂದರೆ ಬಡವನಲ್ಲಿ ಒತ್ತೆಯಿಡಲು ಚಿನ್ನವಿಲ್ಲದಿದ್ದರೆ ಅವನ ನಡತೆಯೇ ಒತ್ತೆ. ಆ ನಡತೆಯನ್ನು ತೂಗಿ ನೋಡಬಲ್ಲವರು ನೆರೆಹೊರೆಯವರೇ.

ಈ ವಿಚಾರವು ೧೯೦೪ರ ಸಹಕಾರ ಸಾಲಸಂಘಗಳ ಕಾಯಿದೆಯಾಗಿ ರೂಪುಗೊಂಡಿತು. ಕನ್ನಡಿಗರಾದ ನಾವು ಇಲ್ಲಿ ಅಭಿಮಾನದಿಂದ ನೆನೆಯಬೇಕಾದ ಹೆಸರೊಂದಿದೆ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರ ಮೇ ತಿಂಗಳಲ್ಲಿ ಸ್ಥಾಪಿಸಿದ ಕೃಷಿ ಸಹಕಾರ ಸಂಘವು ಈ ದೇಶದ ಮೊತ್ತಮೊದಲಿನವುಗಳಲ್ಲೊಂದೆಂದು ಖ್ಯಾತವಾಗಿದೆ. ಮದರಾಸು ಪ್ರಾಂತದಲ್ಲೂ ಅದೇ ಕಾಲದಲ್ಲಿ ಸಂಘಗಳು ಹುಟ್ಟಿಕೊಂಡವು. ಜನರ ಆಶೆ ದೊಡ್ಡದಾಗಿತ್ತು.

ಅರ್ಧಶತಮಾನದ ಬಳಿಕ ಆ ಆಶೆಯ ಲೆಕ್ಕವನ್ನು ತೆಗೆದವರು ರಿಸರ್ವ್ ಬ್ಯಾಂಕಿನವರು. ೧೯೫೧–೫೨ರಲ್ಲಿ ನಡೆಸಿ ೧೯೫೪ರಲ್ಲಿ ಪ್ರಕಟಿಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ಹಳ್ಳಿಗರು ಪಡೆದ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದುದು ನೂರಕ್ಕೆ ೩.೧ ಭಾಗ, ವಾಣಿಜ್ಯ ಬ್ಯಾಂಕುಗಳಿಂದ ನೂರಕ್ಕೆ ಒಂದು ಪಾಲೂ ಇಲ್ಲ. ವೃತ್ತಿಯ ಲೇವಾದೇವಿಗಾರರೂ ಒಕ್ಕಲುತನದ ಜೊತೆಗೆ ಬಡ್ಡಿವ್ಯವಹಾರ ಮಾಡುವವರೂ ಸೇರಿ ಕೊಟ್ಟುದು ನೂರಕ್ಕೆ ಸುಮಾರು ೭೦. ಐವತ್ತು ವರ್ಷಗಳ ಶ್ರಮದ ಫಲ ಇಷ್ಟೇ!

ಕಾರಣವೇನು? ಸಂಘಗಳು ಹೆಸರಿಗೆ ಗ್ರಾಮದವು. ಆದರೆ ಅನೇಕ ಕಡೆ ಅವು ಊರಿನ ದೊಡ್ಡ ಮನೆಯವರ ಕೈಗೆ ಸೇರಿದವು. ಬಡ್ಡಿಗೆ ಕೊಡುವವನೇ ಸಂಘದ ಅಧ್ಯಕ್ಷನಾಗಿ ಕುಳಿತರೆ ಬಡವನಿಗೆ ಸಾಲ ದೊರೆಯುವುದೆಂತು? ಸಾಲವು ಜಮೀನಿನ ಮೇಲೆ ನಿಂತಿತು. ಜಮೀನಿಲ್ಲದವರೂ ಹೆಂಗಸರೂ ಸಂಘದ ಹೊರಗೇ ಉಳಿದರು. ರೈಫೈಸನ್ನರ ವಿಚಾರದ ಹೊರಗಣ ಚೌಕಟ್ಟು ಬಂದಿತು. ಒಳಗಣ ಪ್ರಾಣವಾದ ಪರಸ್ಪರ ವಿಶ್ವಾಸ ಬರಲಿಲ್ಲ. ಕಾನೂನನ್ನು ಮೇಲಿನಿಂದ ಇಳಿಸಬಹುದು, ವಿಶ್ವಾಸವು ನೆಲದಿಂದಲೇ ಮೊಳೆಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ನೆಲದಿಂದ ಮೊಳೆತ ಪ್ರಯತ್ನಗಳು ನಮ್ಮ ಸೀಮೆಯಲ್ಲಿ ಇರಲಿಲ್ಲವೆಂದಲ್ಲ. ದಿಂಡಿಗಲ್ಲಿಗೆ ಅನತಿದೂರದಲ್ಲಿ ಚಿನ್ನಾಳಪಟ್ಟಿಯ ಬಳಿ ಡಾಕ್ಟರ್ ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು ೧೯೪೭ರಲ್ಲಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. ಆಸ್ಪತ್ರೆ, ಶಾಲೆ, ಖಾದಿ, ಗ್ರಾಮೋದ್ಯೋಗ ಎಲ್ಲವೂ ಅಲ್ಲಿ ಒಂದರೊಡನೊಂದು ಬೆಳೆದವು. ೧೯೫೬ರಲ್ಲಿ ಗ್ರಾಮೀಣ ವಿದ್ಯಾಸಂಸ್ಥೆಯೂ ಬಂದು ಅದು ೧೯೭೬ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಪಡೆಯಿತು. ತೇನಿಯಿಂದ ಮೂಡಲಿಗೆ, ಮದುರೆ ಜಿಲ್ಲೆಯ ಟಿ. ಕಲ್ಲುಪಟ್ಟಿಯ ಗಾಂಧಿನಿಕೇತನ ಆಶ್ರಮದಲ್ಲಿ ಜೆ. ಸಿ. ಕುಮಾರಪ್ಪನವರು ತಮ್ಮ ಕೊನೆಯ ವರ್ಷಗಳನ್ನು ಕಳೆದರು, ೧೯೬೦ರಲ್ಲಿ ದಿವಂಗತರಾದರು. ಈಗ ಎಲ್ಲರ ಬಾಯಲ್ಲೂ ಇರುವ 'ಸುಸ್ಥಿರ ಅಭಿವೃದ್ಧಿ' ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅವರು 'ಎಕಾನಮಿ ಆಫ್ ಪರ್ಮನೆನ್ಸ್' ಎಂಬ ಗ್ರಂಥದಲ್ಲಿ ಬಾಳುವ ಅರ್ಥವ್ಯವಸ್ಥೆ ಯಾವುದು, ಅಳಿಯುವ ಅರ್ಥವ್ಯವಸ್ಥೆ ಯಾವುದು ಎಂಬುದನ್ನು ವಿವೇಚಿಸಿದ್ದರು. ಅನ್ಯರನ್ನು ಹೀರಿ ಬದುಕುವುದು ಎಲ್ಲಕ್ಕೂ ಕೆಳಗಿನ ಮೆಟ್ಟಿಲು. ಜೇನುನೊಣವು ತನಗೊಂದಕ್ಕೇ ಅಲ್ಲದೆ ಇಡೀ ಗೂಡಿಗಾಗಿ ಕೂಡಿಡುವಂತೆ ಬದುಕುವುದು ಅದಕ್ಕಿಂತ ಎಷ್ಟೋ ಮೇಲಿನದು. ತಮಿಳಿನಲ್ಲಿ ಜೇನುನೊಣಕ್ಕೆ 'ತೇನೀ' ಎಂದೇ ಹೆಸರೆಂಬುದನ್ನು ನಮ್ಮ ತೇನಿಯವರು ಇಲ್ಲಿ ನೆನೆದು ಸಂತೋಷಪಡಬಹುದು. ಇಂಥ ಆಶ್ರಮಗಳಲ್ಲಿ ಜನರ ವಿಶ್ವಾಸವಿತ್ತು. ಆದರೆ ಊರೂರಿಗೆ ಮುಟ್ಟುವಷ್ಟು ಹಣವಿರಲಿಲ್ಲ.

ಹಣವನ್ನು ಮುಟ್ಟಿಸುವ ಕೆಲಸವನ್ನು ಸರ್ಕಾರವು ಕೈಗೆತ್ತಿಕೊಂಡಿತು. ೧೯೬೯ರಲ್ಲಿ ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕನ್ನಡನಾಡಿನ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು. ಸಣ್ಣ ಪೇಟೆಗಳಿಗೂ ಬ್ಯಾಂಕಿನ ಶಾಖೆ ಬಂದಿತು. ೧೯೮೨ರ ಜುಲೈ ತಿಂಗಳಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕು, ಅಂದರೆ ನಬಾರ್ಡ್, ಸ್ಥಾಪಿತವಾಯಿತು. ಅಭಿವೃದ್ಧಿ ಬ್ಯಾಂಕೆಂದರೆ ಏನೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಪೇಟೆಯ ಬ್ಯಾಂಕು ನಮ್ಮಿಂದ ಠೇವಣಿ ಪಡೆದು ನಮಗೇ ಸಾಲ ಕೊಡುತ್ತದೆ. ನಬಾರ್ಡಾದರೋ ಹಳ್ಳಿಗನಿಗೆ ನೇರವಾಗಿ ಸಾಲ ಕೊಡುವ ಸಂಸ್ಥೆಯಲ್ಲ. ಹಳ್ಳಿಗೆ ಸಾಲ ಕೊಟ್ಟ ಬ್ಯಾಂಕಿಗೆ ಅದು ಹಿಂದಿನಿಂದ ಹಣವನ್ನು ಪೂರೈಸುತ್ತದೆ. ಇದಕ್ಕೆ ಪುನರ್ಧನವೆಂದು ಹೆಸರು. ಜಗತ್ತಿನ ಮಟ್ಟದಲ್ಲಿ ವಿಶ್ವಬ್ಯಾಂಕೂ, ೧೯೭೭ರಲ್ಲಿ ರೋಮ್ ನಗರದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯೂ ಸರ್ಕಾರಗಳಿಗೆ ದೀರ್ಘಾವಧಿಯ ಸಾಲವನ್ನು ಕೊಡುತ್ತವೆ.

ಹಣವು ಬಂದಿತು, ಬಡತನವು ಹೋಯಿತೇ? ೧೯೭೮–೮೦ರಲ್ಲಿ ಆರಂಭವಾದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದಲ್ಲಿ ಬಡಕುಟುಂಬಗಳಿಗೆ ಹಸು, ಎಮ್ಮೆ, ಕುರಿಗಳನ್ನು ಕೊಳ್ಳಲು ಸಹಾಯಧನವೂ ಬ್ಯಾಂಕಿನ ಸಾಲವೂ ದೊರೆತವು. ಉದ್ದೇಶ ಉತ್ತಮವಾಗಿದ್ದರೂ ಫಲವು ನಿರೀಕ್ಷಿಸಿದಂತೆ ಬರಲಿಲ್ಲ. ಇಂತಿಷ್ಟು ಕುಟುಂಬಗಳಿಗೆ ಇಂತಿಷ್ಟು ದಿನದೊಳಗೆ ಹಣ ಹಂಚಬೇಕೆಂಬ ಆಜ್ಞೆಯು ಮೇಲಿನಿಂದ ಬಂದುದರಿಂದ, ಯಾರಿಗೆ ಏನು ಬೇಕೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಮೇವಿಲ್ಲದ ಮನೆಗೆ ಎಮ್ಮೆ ಬಂದರೆ ಅದು ಸಂತೆಗೇ ಹೋಗಬೇಕು. ಕೊಟ್ಟ ಸಾಲ ಸುಸ್ತಿಯಾಯಿತು. ೧೯೯೦ರಲ್ಲಿ ಸರ್ಕಾರವು ಹತ್ತು ಸಾವಿರ ರೂಪಾಯಿಗಳವರೆಗಿನ ಸಾಲವನ್ನು ಮನ್ನಾ ಮಾಡಿದ ಮೇಲೆ ಬಡವರಿಗೆ ಕೊಟ್ಟ ಹಣ ಮರಳಿ ಬಾರದೆಂಬ ಮಾತು ಬ್ಯಾಂಕುಗಳಲ್ಲಿ ಬೇರೂರಿತು.

ಈ ಮಾತನ್ನು ಸುಳ್ಳು ಮಾಡಿ ತೋರಿಸಿದ ಪ್ರಯೋಗವು ಕನ್ನಡನಾಡಿನಲ್ಲಿ ನಡೆಯಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಟಿಬೆಟ್ಟಿನಿಂದ ಬಂದ ನಿರಾಶ್ರಿತರ ಪುನರ್ವಸತಿಗಾಗಿ ೧೯೬೮ರಲ್ಲಿ ಹುಟ್ಟಿದ ಮೈರಾಡ ಎಂಬ ಸೇವಾಸಂಸ್ಥೆಯು ಕ್ರಮೇಣ ಕರ್ನಾಟಕದ ಬಡ ಹಳ್ಳಿಗಳ ಕಡೆಗೆ ತಿರುಗಿತು. ಅಲೋಶಿಯಸ್ ಫರ್ನಾಂಡಿಸರು ಅದರ ಮುಖ್ಯಸ್ಥರಾಗಿದ್ದರು. ಅವರು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ೧೯೮೪–೮೫ರ ಸುಮಾರಿಗೆ ಒಡೆದುಹೋದವು. ಆಗ ವಿಶೇಷವೊಂದು ಸಂಭವಿಸಿತು. ಸಂಘ ಬಿಟ್ಟ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ದೊಡ್ಡ ಸಂಘದಲ್ಲಿ ನಮಗೆ ನಂಬಿಕೆಯಿಲ್ಲ, ಆದರೆ ನಮ್ಮ ಈ ಗುಂಪಿನಲ್ಲಿ ನಂಬಿಕೆಯುಂಟು, ಪಡೆದ ಸಾಲವನ್ನು ಇದಕ್ಕೇ ಮರುಪಾವತಿ ಮಾಡುತ್ತೇವೆ ಎಂಬ ಇಂಗಿತವನ್ನು ವ್ಯಕ್ತಪಡಿಸಿದರು. ತೊಂಬತ್ತು ವರ್ಷಗಳ ಹಿಂದೆ ನಿಕಲ್ಸನ್ನರು ಕಾಗದದಲ್ಲಿ ಬರೆದುದನ್ನು ಓದುಬರಹ ಬಾರದ ಜನ ತಾವಾಗಿಯೇ ಕಂಡುಕೊಂಡಿದ್ದರು!

ಮೈರಾಡದ ಹೆಚ್ಚುಗಾರಿಕೆಯು ಜನರ ಈ ಮಾತನ್ನು ಕಿವಿಗೊಟ್ಟು ಕೇಳಿದುದರಲ್ಲಿದೆ. ನಬಾರ್ಡಿನ ಹೆಚ್ಚುಗಾರಿಕೆಯು ಮೈರಾಡದ ಮಾತನ್ನು ಕೇಳಿದುದರಲ್ಲಿದೆ. ೧೯೮೭ರಲ್ಲಿ ನಬಾರ್ಡು ಇಂಥ ಗುಂಪುಗಳಿಗೆ ತರಬೇತಿ ಕೊಡಲೂ ಅವುಗಳ ಉಳಿತಾಯಕ್ಕೆ ಸಮನಾಗಿ ನೆರವು ಸೇರಿಸಲೂ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ಅನುದಾನವನ್ನಿತ್ತಿತು. ಸ್ವಸಹಾಯ ಸಂಘವೆಂಬ ಹೆಸರು ರೂಢಿಗೆ ಬಂದುದೂ ಆಗಲೇ. ೧೯೯೧ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಬಂಗಾರಪೇಟೆಯ ವೈಶ್ಯ ಬ್ಯಾಂಕು ಮುದುಗುಳಿ ಗ್ರಾಮದ ಮಹಿಳಾ ಸಂಘವೊಂದಕ್ಕೆ ನೇರವಾಗಿ ಸಾಲ ಕೊಟ್ಟಿತು. ೧೯೯೨ರ ಫೆಬ್ರವರಿಯಲ್ಲಿ ನಬಾರ್ಡು ದೇಶದಲ್ಲಿ ೫೦೦ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಸಾರಿತು. ಮೊದಲ ವರ್ಷ ಜೋಡಣೆಯಾದುದು ೨೫೫ ಸಂಘಗಳು. ಕೊಟ್ಟ ಸಾಲ ೨೯ ಲಕ್ಷ ರೂಪಾಯಿ.

ಮೊತ್ತವು ಅಲ್ಪವಾದರೂ ಅದರ ಹಿಂದೆ ಬ್ಯಾಂಕುಗಳು ಮುರಿದ ಕಟ್ಟಳೆಗಳು ಮೂರು. ಒತ್ತೆಯಿಲ್ಲದೆ ಸಾಲ ಕೊಡುವುದು ಒಂದು. ರಿಜಿಸ್ಟರಾಗದ ಸಂಘಕ್ಕೆ ಕೊಡುವುದು ಎರಡು. ಯಾವ ಕೆಲಸಕ್ಕೆ ಯಾರಿಗೆ ಎಂಬುದನ್ನು ಬ್ಯಾಂಕು ಕೇಳದೆ ಸಂಘದ ತೀರ್ಮಾನಕ್ಕೇ ಬಿಡುವುದು ಮೂರು. ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸೇರಿದರೆ ಕಾನೂನಿನ ಪ್ರಕಾರ ರಿಜಿಸ್ಟರಾಗಬೇಕಾದುದರಿಂದ ಸಂಘದ ಸದಸ್ಯರ ಸಂಖ್ಯೆ ಇಪ್ಪತ್ತಕ್ಕೇ ನಿಂತಿತು. ಇಪ್ಪತ್ತು ಮಂದಿ ಒಂದು ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಬಹುದೆಂಬುದೂ ಒಂದು ಅನುಕೂಲವೇ.

ಈ ಪ್ರವಾಹವು ತಮಿಳುನಾಡಿಗೆ ಹರಿದ ಬಗೆಯನ್ನು ಈಗ ನೋಡೋಣ. ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ಸಾಲದಿಂದ ತಮಿಳುನಾಡು ಮಹಿಳಾ ಅಭಿವೃದ್ಧಿ ಯೋಜನೆಯು ೧೯೮೯ರಲ್ಲಿ ಧರ್ಮಪುರಿ ಜಿಲ್ಲೆಯಲ್ಲಿ ಆರಂಭವಾಯಿತು. ಕನ್ನಡ ಮಾತನಾಡುವವರು ಬಹುಸಂಖ್ಯೆಯಲ್ಲಿರುವ ಹೊಸೂರು, ಡೆಂಕಣಿಕೋಟೆಗಳ ಭಾಗವು ಆಗ ಅದೇ ಜಿಲ್ಲೆಯಲ್ಲಿತ್ತು. ಮೈರಾಡವು ಅಲ್ಲಿ ಸಂಘಗಳನ್ನು ಕಟ್ಟುವ ಹೊಣೆಯನ್ನು ಹೊತ್ತಿತು. ಏರ್ಪಾಡು ಹೀಗಿತ್ತು: ರೋಮಿನ ನಿಧಿಯ ಹಣವು ಸರ್ಕಾರದ ಮೂಲಕ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮಕ್ಕೆ ಬರುವುದು, ಇಂಡಿಯನ್ ಬ್ಯಾಂಕು ಸಾಲ ಕೊಡುವುದು, ಸೇವಾಸಂಸ್ಥೆಯ ಕಾರ್ಯಕರ್ತರು ಊರೂರು ತಿರುಗಿ ಸಂಘ ಕಟ್ಟಿ, ಲೆಕ್ಕ ಕಲಿಸಿ, ಕೆಲವು ವರ್ಷಗಳ ಬಳಿಕ ಹಿಂದೆ ಸರಿಯುವುದು. ೧೯೯೨–೯೩ರಲ್ಲಿ ಈ ಯೋಜನೆಯು ಮದುರೆ ಜಿಲ್ಲೆಗೂ ಬಂದಿತು. ತೇನಿಯು ಪ್ರತ್ಯೇಕ ಜಿಲ್ಲೆಯಾದುದು ೧೯೯೬–೯೭ರಲ್ಲಾದುದರಿಂದ ನಮ್ಮ ಕಣಿವೆ ಆಗ ಮದುರೆಯದೇ ಭಾಗವಾಗಿತ್ತು. ೧೯೯೭–೯೮ರಿಂದ 'ಮಗಳಿರ್ ತಿಟ್ಟಂ' ಎಂಬ ಹೆಸರಿನಲ್ಲಿ ಇದೇ ಕಾರ್ಯವು ತಮಿಳುನಾಡಿನ ಇತರ ಜಿಲ್ಲೆಗಳಿಗೂ ವಿಸ್ತರಿಸಿತು.

ಮದುರೆಯ ನೆಲದಲ್ಲಿಯೇ ಹುಟ್ಟಿದ ಇನ್ನೊಂದು ಪ್ರಯತ್ನವೂ ಉಂಟು. ಪ್ರದಾನ್ ಎಂಬ ಸಂಸ್ಥೆಯ ಆಶ್ರಯದಲ್ಲಿ ೧೯೯೦ರಲ್ಲಿ ಅಲಂಗಾನಲ್ಲೂರಿನ ಕಡೆ ಆರಂಭವಾಗಿ, ೧೯೯೭ರಿಂದ ಮದುರೆಯ ಧಾನ್ ಪ್ರತಿಷ್ಠಾನದ ಆಶ್ರಯದಲ್ಲಿ ಬೆಳೆದ ಮಹಿಳಾ ಸಂಘಗಳಿಗೆ 'ಕಳಂಜಿಯಂ' ಎಂದು ಹೆಸರು. ಕಳಂಜಿಯವೆಂದರೆ ನಮ್ಮ ಕಣಜವೇ. ಸುಗ್ಗಿಯಲ್ಲಿ ತುಂಬಿಟ್ಟು ಬೇಸಗೆಯಲ್ಲಿ ತೆಗೆದುಣ್ಣುವ ಒಕ್ಕಲಿಗನ ವಿವೇಕವು ಆ ಹೆಸರಿನಲ್ಲಿಯೇ ಇದೆ. ಊರಿನ ಸಂಘಗಳು ಸೇರಿ ಗುಚ್ಛವಾಗಿ, ಗುಚ್ಛಗಳು ಸೇರಿ ವಟ್ಟಾರ ಸಂಘವೆಂಬ ಒಕ್ಕೂಟವಾಗುತ್ತವೆ. ನಮ್ಮ ಜಿಲ್ಲೆಯ ಕಡಮಲೈಗುಂಡು ಭಾಗದ ಕಡಮಲೈ ಕಳಂಜಿಯ ವಟ್ಟಾರ ಸಂಘವು ಸಾಲ ಉಳಿತಾಯಗಳಿಗೆ ನಿಲ್ಲದೆ, ಸದಸ್ಯರೇ ಅಲ್ಪಸ್ವಲ್ಪ ಕಂತು ಹಾಕಿ ಒಬ್ಬರ ಕಾಯಿಲೆಯ ಖರ್ಚನ್ನು ಎಲ್ಲರೂ ಹೊರುವ ಪರಸ್ಪರ ಆರೋಗ್ಯವಿಮೆಯನ್ನೂ ನಡೆಸಿತು. ಬಡಮನೆಯನ್ನು ಸಾಲಕ್ಕೆ ತಳ್ಳುವ ಕಾರಣಗಳಲ್ಲಿ ಕಾಯಿಲೆಯೂ ಮುಖ್ಯವಾದುದೆಂಬುದನ್ನು ಬಲ್ಲವರಿಗೆ ಈ ಕಾರ್ಯದ ಬೆಲೆ ತಿಳಿದೀತು.

ಇದೇ ಕಳಂಜಿಯದ ಚಳವಳಿಯಲ್ಲಿ ಬೆಳೆದ ಚಿನ್ನಪ್ಪಿಳ್ಳೈ ಎಂಬ ಮಹಿಳೆಯ ಹೆಸರನ್ನು ದೇಶವೆಲ್ಲ ಕೇಳಿದೆ. ಮದುರೆಯ ಬಳಿಯ ಪುಲ್ಲುಚ್ಚೇರಿಯಲ್ಲಿ ಹೊಲದ ಕೂಲಿ ಮಾಡಿ ಬದುಕಿದ, ಅಕ್ಷರ ಕಲಿಯದ ಈಕೆ ಸಂಘಗಳ ನಾಯಕಿಯಾದರು. ೨೦೦೧ರಲ್ಲಿ ಸ್ತ್ರೀಶಕ್ತಿ ಪುರಸ್ಕಾರವನ್ನು ಕೊಡುವಾಗ ಪ್ರಧಾನಮಂತ್ರಿ ವಾಜಪೇಯಿಯವರು ಬಾಗಿ ಈಕೆಯ ಪಾದವನ್ನು ಮುಟ್ಟಿದರು. ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ದೊರೆಯಿತು.

ಮಕ್ಕಳಿಗೆ ಮಗ್ಗಿ ಹೇಳಿಕೊಡುವವರಾದ ನಾವು ಈ ಸಂಘಗಳ ಗಣಿತವನ್ನು ಸ್ವಲ್ಪ ಬಿಡಿಸಿ ಹೇಳದೆ ಮುಂದೆ ಹೋಗಲಾರೆವು. ಹತ್ತು ರೂಪಾಯಿ ಬಡ್ಡಿಯೆಂದು ಜನ ಸಲೀಸಾಗಿ ಆಡುವ ಮಾತಿನ ಅರ್ಥ ನೂರಕ್ಕೆ ತಿಂಗಳಿಗೆ ಹತ್ತು. ಒಂದು ಸಾವಿರ ತಂದವರು ವರ್ಷಕ್ಕೆ ಒಂದು ಸಾವಿರದ ಇನ್ನೂರು ಬಡ್ಡಿ ಕೊಟ್ಟ ಮೇಲೂ ಅಸಲು ಸಾವಿರ ಹಾಗೆಯೇ ನಿಂತಿರುತ್ತದೆ. ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಎರಡೆಂದು ಇಟ್ಟುಕೊಂಡರೆ ಅದೇ ಸಾವಿರಕ್ಕೆ ವರ್ಷದ ಬಡ್ಡಿ ಇನ್ನೂರ ನಲವತ್ತು. ಅದೂ ಹೊರಗೆ ಹೋಗದೆ ಸಂಘದ ಪೆಟ್ಟಿಗೆಗೇ ಬಂದು ಎಲ್ಲರ ಸ್ವತ್ತಾಗುತ್ತದೆ. ಇಪ್ಪತ್ತು ಮಂದಿ ತಿಂಗಳಿಗೆ ಐವತ್ತು ರೂಪಾಯಿಯಂತೆ ಹಾಕಿದರೆ ವರ್ಷಕ್ಕೆ ಹನ್ನೆರಡು ಸಾವಿರ. ಉಳಿತಾಯದ ನಾಲ್ಕು ಪಾಲಿನವರೆಗೆ ಬ್ಯಾಂಕು ಸಾಲ ಕೊಡುವ ಪದ್ಧತಿಯಂತೆ ಅದರ ಮೇಲೆ ನಲವತ್ತೆಂಟು ಸಾವಿರ ದೊರೆಯಬಹುದು. ಗಣಿತವು ಇಷ್ಟು ಸುಲಭ. ಕಷ್ಟವಾದುದು ಪ್ರತಿ ವಾರ ತಪ್ಪದೆ ಸಭೆ ಸೇರುವುದು, ನಡವಳಿಯನ್ನು ಎಲ್ಲರೆದುರು ಓದುವುದು, ಗೆಳತಿಯೇ ಕಂತು ತಪ್ಪಿದಾಗ ಮುಖ ನೋಡದೆ ಕೇಳುವುದು. ಇದನ್ನು ಯಾವ ಬ್ಯಾಂಕೂ ಕಲಿಸಲಾರದು. ಇದಕ್ಕೆ ಊರಿನಲ್ಲಿ ಕುಳಿತು ವರ್ಷಗಟ್ಟಲೆ ತಾಳ್ಮೆಯಿಂದ ದುಡಿಯುವವರು ಬೇಕು.

ವಿಶ್ವಬ್ಯಾಂಕಿನ ಸಾಲದಿಂದ ತಮಿಳುನಾಡಿನ ಹಲವು ಜಿಲ್ಲೆಗಳಲ್ಲಿ ೨೦೦೫ರಿಂದ ನಡೆದ 'ಪುದು ವಾಳ್ವು', ಅಂದರೆ ಹೊಸ ಬಾಳು, ಎಂಬ ಯೋಜನೆಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಊರಿನಲ್ಲಿ ಕಡುಬಡವರಾರೆಂಬುದನ್ನು ಕಚೇರಿಯ ಗುಮಾಸ್ತರು ಬರೆಯುವ ಬದಲು ಊರಿನವರೇ ಕುಳಿತು ಗುರುತಿಸಿ, ಆ ಪಟ್ಟಿಗೆ ಗ್ರಾಮಸಭೆಯ ಒಪ್ಪಿಗೆಯನ್ನು ಪಡೆದರು. ಗ್ರಾಮ ಬಡತನ ನಿವಾರಣಾ ಸಮಿತಿಯ ಕೈಗೇ ಹಣ ಬಂದಿತು. ಲೆಕ್ಕವನ್ನು ಪರಿಶೀಲಿಸಲು ಊರಿನವರದೇ ಬೇರೊಂದು ಸಮಿತಿಯಿತ್ತು. ೧೯೭೮ರ ಕಾರ್ಯಕ್ರಮಕ್ಕೂ ಇದಕ್ಕೂ ಇರುವ ಅಂತರವನ್ನು ವಾಚಕರು ತಾವೇ ತೂಗಿ ನೋಡಬಹುದು.

೨೦೨೩ರ ಮಾರ್ಚಿಯ ಲೆಕ್ಕದಂತೆ ದೇಶದಲ್ಲಿ ಬ್ಯಾಂಕಿನಲ್ಲಿ ಉಳಿತಾಯವಿಟ್ಟ ಸ್ವಸಹಾಯ ಸಂಘಗಳು ೧ ಕೋಟಿ ೩೦ ಲಕ್ಷಕ್ಕೂ ಮಿಕ್ಕಿವೆ. ಅವುಗಳ ಉಳಿತಾಯದ ಮೊತ್ತ ಐವತ್ತು ಸಾವಿರ ಕೋಟಿ ರೂಪಾಯಿಗಳನ್ನು ದಾಟಿದೆ. ೨೫೫ರಿಂದ ಆರಂಭಿಸಿದ ಕಾರ್ಯಕ್ಕೆ ಇದು ಸಾಮಾನ್ಯ ಬೆಳವಣಿಗೆಯಲ್ಲ.

ಆದರೆ ಸಂಖ್ಯೆಯನ್ನು ಹೊಗಳಿ ಲೇಖನವನ್ನು ಮುಗಿಸಿದರೆ ಚರಿತ್ರೆಗೆ ಅಪಚಾರ ಮಾಡಿದಂತಾಗುತ್ತದೆ. ಸಂಘವು ಸರ್ಕಾರದ ಗುರಿಯ ಅಂಕಿಯಾದ ಕೂಡಲೇ ಅದರೊಳಗಣ ಪ್ರಾಣವು ಕ್ಷೀಣಿಸುವುದನ್ನು ನಾವು ಕಂಡಿದ್ದೇವೆ. ಸಹಾಯಧನಕ್ಕಾಗಿ ಒಂದು ವಾರದಲ್ಲಿ ಕಟ್ಟಿದ ಸಂಘವು ಸಹಾಯಧನ ಹಂಚಿದ ಮರುದಿನವೇ ಕರಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಬಡವರ ಗುಂಪಿಗೆ ಸಾಲ ಕೊಟ್ಟರೆ ಮರಳಿ ಬರುತ್ತದೆಂಬುದನ್ನು ಕಂಡ ಖಾಸಗಿ ಕಿರುಸಾಲ ಕಂಪೆನಿಗಳು ಲಾಭಕ್ಕಾಗಿ ಹಳ್ಳಿಗಳನ್ನು ಹೊಕ್ಕವು. ಅವರ ಗುಂಪಿನಲ್ಲಿ ಉಳಿತಾಯವಿಲ್ಲ, ನಡವಳಿಯಿಲ್ಲ, ತೀರ್ಮಾನವಿಲ್ಲ. ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕೆಂಬ ಬಲವಂತ ಮಾತ್ರ ಉಂಟು. ನೆರೆಯವರ ವಿಶ್ವಾಸವು ಒತ್ತೆಯಾಗಿದ್ದ ಕಡೆ ನೆರೆಯವರ ಭಯವು ಒತ್ತೆಯಾಯಿತು. ೨೦೧೦ರಲ್ಲಿ ಆಂಧ್ರಪ್ರದೇಶದಲ್ಲಿ ಇದರಿಂದ ದೊಡ್ಡ ಅನಾಹುತವಾಗಿ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ತಮಿಳುನಾಡು ೨೦೦೩ರಲ್ಲಿಯೇ ಕಂದುವಟ್ಟಿಯನ್ನು ನಿಷೇಧಿಸಿ ಕಾನೂನು ಮಾಡಿತ್ತು. ೨೦೨೫ರಲ್ಲಿ ಕರ್ನಾಟಕವೂ ತಮಿಳುನಾಡೂ ಬಲವಂತದ ಸಾಲವಸೂಲಿಯನ್ನು ತಡೆಯಲು ಪ್ರತ್ಯೇಕ ಶಾಸನಗಳನ್ನು ತರಬೇಕಾಯಿತು. ಕಾನೂನಿನ ಮೇಲೆ ಕಾನೂನು ಬೇಕಾಗುತ್ತಿರುವುದೇ ರೋಗವು ಹೋಗಿಲ್ಲವೆಂಬುದಕ್ಕೆ ಸಾಕ್ಷಿ.

ಮತ್ತೊಂದು ಮಾತನ್ನೂ ಮರೆಯಬಾರದು. ಸಾಲವೊಂದೇ ಯಾರ ಬಡತನವನ್ನೂ ಕಳೆಯದು. ಬೆಳಗಿನ ಜಾವ ಕುಮಳಿ, ಕಂಬಮೆಟ್ಟು, ಬೋಡಿಮೆಟ್ಟುಗಳ ದಾರಿ ಹಿಡಿದು ಜೀಪುಗಳಲ್ಲಿ ಏಲಕ್ಕಿ ತೋಟಗಳಿಗೆ ಹೋಗುವ ನಮ್ಮ ಹೆಂಗಸರಿಗೆ ನ್ಯಾಯವಾದ ಕೂಲಿ, ಸುರಕ್ಷಿತವಾದ ಪ್ರಯಾಣ ದೊರೆಯದಿದ್ದರೆ ಸಂಘದ ಕಂತು ಅವರಿಗೆ ಇನ್ನೊಂದು ಭಾರವಾದೀತು. ಮಳೆ ತಪ್ಪಿದ ವರ್ಷ ಕೆರೆಯಲ್ಲಿ ನೀರಿಲ್ಲದಿದ್ದರೆ ಸಾಲದಿಂದ ಕೊಂಡ ಹಸು ಬದುಕುವುದಿಲ್ಲ. ಧಾನ್ ಪ್ರತಿಷ್ಠಾನದವರು ಸಂಘಗಳ ಜೊತೆಗೆ ಕೆರೆಗಳ ಜೀರ್ಣೋದ್ಧಾರಕ್ಕೂ ಕೈಹಾಕಿದುದು, ನಬಾರ್ಡು ಜಲಾನಯನ ಕಾರ್ಯಗಳಿಗೆ ನಿಧಿಯನ್ನು ಇಟ್ಟುದು ಈ ಕಾರಣದಿಂದಲೇ. ಕುಮಾರಪ್ಪನವರ ದೃಷ್ಟಿಯಲ್ಲಿ ನೆಲ, ನೀರು, ಮನುಷ್ಯರ ಪರಸ್ಪರ ಸಹಾಯ ಇವು ಮೂರೂ ಕೂಡಿದಾಗಲೇ ಬಾಳು ಸ್ಥಿರ.

ಇನ್ನು ನಮ್ಮವರ ಮಾತು. ತಲೆಮಾರುಗಳಿಂದ ಈ ಕಣಿವೆಯಲ್ಲಿಯೂ ದಿಂಡಿಗಲ್ಲಿನ ಸೀಮೆಯಲ್ಲಿಯೂ ನೆಲಸಿದ ಕನ್ನಡ ಮನೆಮಾತಿನವರು ತಮಿಳರೊಡನೆ ಒಂದಾಗಿ ಬಾಳಿದ್ದಾರೆ. ಕಂಬದಲ್ಲಿ ಒಕ್ಕಲಿಗ ಸಮುದಾಯದವರು ನಂದಗೋಪಾಲನ ಹೆಸರಿನಲ್ಲಿ ಸಾಕಿಕೊಂಡು ಬಂದಿರುವ ತಂಬಿರಾನ್ ದನಗಳ ತೊಳುವನ್ನು ಕಾಣದವರಾರು? ಮಾಟ್ಟುಪ್ಪೊಂಗಲಿನ ದಿನ ಅಲ್ಲಿ ಜನಸಾಗರವೇ ನೆರೆಯುತ್ತದೆ. ಆ ದನಗಳು ಯಾವ ಒಬ್ಬನ ಸ್ವತ್ತೂ ಅಲ್ಲ. ದೇವರ ಹೆಸರಿನಲ್ಲಿ ಎಲ್ಲರ ಸ್ವತ್ತು. ಕೂಡಿ ಸಾಕುವ, ಕೂಡಿ ಕಾಯುವ ಧರ್ಮವನ್ನು ಯಾವ ದೂರದ ನಗರದಿಂದಲೂ ನಾವು ಎರವಲು ತರಬೇಕಾಗಿಲ್ಲವೆಂಬುದಕ್ಕೆ ಈ ತೊಳುವೇ ಪ್ರಮಾಣ. ಹೊರಗಿನಿಂದ ಬರಬೇಕಾದುದು ಹಣ ಮಾತ್ರ. ಅದನ್ನು ನಿಲ್ಲಿಸಿಕೊಳ್ಳುವ ಕಣಜವು ಇಲ್ಲಿಯದೇ.

ಆದರೂ ನಮ್ಮವರಿಗೆ ಒಂದು ತೊಡಕುಂಟು. ಮನೆಯಲ್ಲಿ ಆಡುವ ಮಾತು ಕನ್ನಡ, ಅದೂ ಬರಹಕ್ಕೆ ಬಾರದ ಕನ್ನಡ. ಬ್ಯಾಂಕಿನ ಕಾಗದಗಳು ತಮಿಳಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ, ಅತ್ತೆಯರು ಏನೆಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತುವುದುಂಟು. ಒಂದು ಸಲ ಒತ್ತಿದ ಹೆಬ್ಬೆಟ್ಟು ಮೂರು ಕಂಪೆನಿಗಳ ಸಾಲವಾಗಿ ಮನೆಯ ಬಾಗಿಲಿಗೆ ಬರುವ ಕಾಲ ಇದು. ಬ್ಯಾಂಕಿಗೂ ಮನೆಗೂ ನಡುವೆ ನಿಂತು ಕಾಗದವನ್ನು ಓದಿ ತಿಳಿಹೇಳುವವರು ಬೇಕೆಂದು ಈ ನೂರಿಪ್ಪತ್ತೈದು ವರ್ಷಗಳ ಚರಿತ್ರೆಯೆಲ್ಲವೂ ಸಾರುತ್ತಿದೆ. ಹಾಗೆ ನಿಲ್ಲುವವರಿದ್ದ ಕಡೆ ಅಲ್ಪ ಹಣವೂ ಫಲಿಸಿತು. ಇಲ್ಲದ ಕಡೆ ಕೋಟಿ ಹಣವೂ ಮರಳಿಗೆ ಹೊಯ್ದ ನೀರಾಯಿತು.

ನಮ್ಮ ಕನ್ನಡ ಸಂಘವೂ ಒಂದು ಜನಸಂಸ್ಥೆಯೇ. ನಾಡಹಬ್ಬವನ್ನು ಆಚರಿಸುವುದು, ಪತ್ರಿಕೆಯನ್ನು ಅಚ್ಚುಹಾಕುವುದು ಇವು ನಮಗೆ ಪ್ರಿಯವಾದ ಕಾರ್ಯಗಳು. ಇವುಗಳ ಜೊತೆಗೆ ತಿಂಗಳಲ್ಲಿ ಒಂದು ಭಾನುವಾರ ಸದಸ್ಯರಲ್ಲಿ ಇಬ್ಬರು ಮೂವರು ಸಂಘದ ಜಗಲಿಯಲ್ಲಿ ಕುಳಿತು, ಬಂದವರ ಪಾಸುಪುಸ್ತಕವನ್ನೂ ಸಾಲಪತ್ರವನ್ನೂ ಅವರ ಮಾತಿನಲ್ಲಿಯೇ ಓದಿ ಹೇಳುವುದಾದರೆ ಅದು ಭಾಷೆಯ ಸೇವೆಯೂ ಆಗುತ್ತದೆ, ಬಾಳಿನ ಸೇವೆಯೂ ಆಗುತ್ತದೆ. ಇದಕ್ಕೆ ನಬಾರ್ಡಿನ ಅನುದಾನವೂ ಬೇಡ, ರೋಮಿನ ನಿಧಿಯೂ ಬೇಡ. ಎರಡು ಬೆಂಚು, ಒಂದು ಪೆನ್ಸಿಲು, ಒಂದಿಷ್ಟು ತಾಳ್ಮೆ ಸಾಕು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಸದಸ್ಯರು ಇದನ್ನು ಪರ್ಯಾಲೋಚಿಸಬೇಕೆಂದು ವಿನಯಪೂರ್ವಕವಾಗಿ ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.